ಎರಡು ಕೊಡ ನೀರಿನ ಷರತ್ತು

ಪ್ರಶ್ನೆ: ನಮ್ಮದು ತುಮಕೂರು. ಮನೆ ಮುಂದೆ, ಕಾಂಪೌಂಡಿನ ಒಳಗೆ, ತೀರಿಹೋದ ನನ್ನ ಅಪ್ಪ ನೆಟ್ಟ ಹೊಂಗೆ ಮರವಿದೆ. ಮಹಡಿ ಮೇಲೆ ಬಾಡಿಗೆಗೆ ಒಂದು ಮನೆ ಕಟ್ಟಿಸಬೇಕೆಂದಿದ್ದೇವೆ. ಎರಡು ಕಾರು ನಿಲ್ಲಲು ಜಾಗ ಬೇಕು, ಮರ ತೆಗೆಸಿಬಿಡೋಣ ಎಂದು ಮಾತಾಡಿಕೊಂಡಿದ್ದೆವು. ಅದೇ ಹೊತ್ತಿಗೆ ಅಮ್ಮ, ಮೂರನೇ ಕ್ಲಾಸಿನಲ್ಲಿರುವ ನನ್ನ ಮಗಳಿಗೆ ಹೂವಿನ ಮರವಾಗುವ ಹುಡುಗಿಯ ಕಥೆ ಹೇಳಿದ್ದಾರೆ. ಅಂದಿನಿಂದ ಮಗಳು ಬೆಳಿಗ್ಗೆ ಎದ್ದವಳೇ ಮರದ ಬುಡಕ್ಕೆ ಎರಡು ಚೊಂಬು ನೀರು ಹಾಕುತ್ತಾಳೆ. ‘ಕಡಿದರೆ ಒಳಗಿರೋಳು ಏನಾಗ್ತಾಳೆ?’ ಎಂದು ಅಳುತ್ತಾಳೆ. ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಇಂಥ ಕಥೆ ಬೇಡ ಎಂದು ಅಮ್ಮನಿಗೆ ಹೇಳಲೇ? ಮಗುವನ್ನು ಹೇಗೆ ಸಮಾಧಾನ ಮಾಡಲಿ?
– ಒಬ್ಬ ತಂದೆ

ಉತ್ತರ: ಅಮ್ಮನಿಗೆ ಏನೂ ಹೇಳಬೇಡಿ. ಬದಲಿಗೆ ಒಂದು ರಾತ್ರಿ ಮಗಳ ಪಕ್ಕದಲ್ಲಿ ನೀವೂ ಕೂತು ಆ ಕಥೆಯನ್ನು ಪೂರ್ತಿ ಕೇಳಿ. ಅದರಲ್ಲಿ ನಿಮ್ಮ ವಯಸ್ಸಿನವರಿಗೆ ಇರುವಷ್ಟು ವಿಷಯ ಮಗುವಿಗಿಲ್ಲ.

ನಮ್ಮ ನಾಡಿನ ಹೆಣ್ಣುಮಕ್ಕಳ ಬಾಯಲ್ಲಿ ಉಳಿದು ಬಂದ ಕಥೆ ಇದು. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಇದರ ಹಲವು ಪಾಠಗಳನ್ನು ಸಂಗ್ರಹಿಸಿದ್ದರು. ಅವರು ತೀರಿಕೊಂಡ ಮೇಲೆ, 1997ರಲ್ಲಿ ಬಂದ ಅವರ ಜನಪದ ಕಥೆಗಳ ಇಂಗ್ಲಿಷ್ ಸಂಕಲನಕ್ಕೆ ಹೆಸರು ಕೊಟ್ಟದ್ದೂ ಇದೇ ಕಥೆ. ಗಿರೀಶ ಕಾರ್ನಾಡರು ಇದನ್ನೇ ಆಧರಿಸಿ 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. ಅದಕ್ಕೆ ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಅಜ್ಜಿಯರ ಕಥೆಯಲ್ಲಿ ಕಾಡಿನ ಕಥೆಯೂ ಇದೆ ಎಂದು ಕಂಡವರಲ್ಲಿ ನಿಮ್ಮ ಮಗಳು ಮೊದಲನೆಯವಳಲ್ಲ.

ಕಥೆಯಲ್ಲಿ ಒಂದು ವಿಷಯ ಗಮನಿಸಿ. ಮರವನ್ನು ಮುಟ್ಟಲೇಬಾರದು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಬಡತನ ನೀಗಲೆಂದೇ ಆ ಹುಡುಗಿ ಮರವಾಗುವುದು. ಅಕ್ಕ ಹೂ ಬಿಡಿಸುತ್ತಾಳೆ, ಮಾರಿ ದುಡ್ಡು ತರುತ್ತಾರೆ, ಹೊಟ್ಟೆ ತುಂಬುತ್ತದೆ. ಆದರೆ ಆ ಬಳಕೆಗೆ ಷರತ್ತುಗಳಿವೆ. ಉಗುರು ತಾಗದಂತೆ ಎರಡು ಕೊಡ ನೀರು ತರಬೇಕು. ಒಂದು ಕೊಡ ಸುರಿದರೆ ಅವಳು ಮರವಾಗುತ್ತಾಳೆ. ಹೂವನ್ನಷ್ಟೇ ಕೀಳಬೇಕು, ರೆಂಬೆ ಮುರಿಯಬಾರದು, ಎಲೆ ಹರಿಯಬಾರದು. ಇನ್ನೊಂದು ಕೊಡ ಸುರಿದರೆ ಮತ್ತೆ ಮನುಷ್ಯಳಾಗುತ್ತಾಳೆ. ಮರವಾದ ಮೇಲೆ ಆ ಎರಡನೇ ಕೊಡವನ್ನು ಅವಳೇ ಸುರಿದುಕೊಳ್ಳಲಾರಳು. ಹೂ ಪಡೆದವರೇ ಸುರಿಯಬೇಕು.

ಅನಾಹುತ ಆಗುವುದು ಮದುವೆಯಾದ ಮೇಲೆ. ಗಂಡನ ತಂಗಿಯೂ ಆಕೆಯ ಗೆಳತಿಯರೂ ಅವಳನ್ನು ತೋಟಕ್ಕೆ ಕರೆದೊಯ್ದು, ಬಲವಂತ ಮಾಡಿ ಮರವಾಗಿಸುತ್ತಾರೆ. ಹೂವಿನ ಆಸೆಗೆ ರೆಂಬೆಗಳನ್ನೇ ಮುರಿಯುತ್ತಾರೆ. ಅಷ್ಟರಲ್ಲಿ ಮಳೆ. ಎರಡನೇ ಕೊಡವನ್ನು ಹೇಗೋ ಚೆಲ್ಲಿ ಮನೆಗೆ ಓಡುತ್ತಾರೆ. ಕೈಕಾಲಿಲ್ಲದ ಅರೆದೇಹವಾಗಿ ಅವಳು ಉಳಿಯುತ್ತಾಳೆ. ಅವರಿಗೆ ಅವಳ ಮೇಲೆ ಹಗೆಯೇನಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹೂವು, ಅದು ಸಿಕ್ಕಿತು, ಆಮೇಲಿನ ಕೆಲಸ ತಮ್ಮದೆಂದು ಅನ್ನಿಸಲಿಲ್ಲ. ನಮ್ಮ ಊರುಗಳ ಕೆರೆಗಳಿಗೂ ರಸ್ತೆಬದಿಯ ಸಾಲುಮರಗಳಿಗೂ ಆಗಿರುವುದು ಹೆಚ್ಚುಕಡಿಮೆ ಇದೇ. ಪರಿಸರ ದಿನವೆಂದು ಜೂನ್ 5ಕ್ಕೆ ಸಸಿ ನೆಟ್ಟು ಫೋಟೊ ತೆಗೆಸಿಕೊಂಡು, ಬೇಸಿಗೆಯಲ್ಲಿ ಆ ಕಡೆ ತಲೆಯೂ ಹಾಕದವರನ್ನು ಕಂಡಾಗ ನನಗೆ ಆ ತೋಟದಿಂದ ಓಡಿಹೋದ ಹುಡುಗಿಯರ ನೆನಪಾಗುತ್ತದೆ, ಸಂಕಟವಾಗುತ್ತದೆ. ಎರಡನೇ ಕೊಡ ದೊಡ್ಡವರ ಪಾಲಿನದು. ನಿಮ್ಮ ಮನೆಯಲ್ಲಿ ಈಗ ಅದನ್ನು ಎಂಟು ವರ್ಷದ ಮಗು ಹೊರುತ್ತಿದೆ. ಅವಳ ಅಳುವಿಗೆ ಕಾರಣ ಕಥೆ ಎಂದು ನನಗೆ ಅನ್ನಿಸುವುದಿಲ್ಲ. ಮನೆಯ ದೊಡ್ಡವರು ಯಾರೂ ತನ್ನ ಜೊತೆಗಿಲ್ಲ ಎಂಬುದೇ ಅವಳನ್ನು ಅಳಿಸುತ್ತಿದೆ.

ಹಾಗಾಗಿ ಸಮಾಧಾನ ಮಾಡುವ ಮೊದಲು ಮರದ ವಿಷಯವನ್ನು ಮತ್ತೊಮ್ಮೆ ಯೋಚಿಸಿ. ಮರ ನಿಮ್ಮ ಜಾಗದಲ್ಲೇ ಇದ್ದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ಮರದ ಮಾತೇನು ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ. ಗುತ್ತಿಗೆದಾರ ‘ಅದೆಲ್ಲ ನಾನು ನೋಡ್ಕೋತೀನಿ ಸಾರ್’ ಎಂದರೆ ಒಪ್ಪಬೇಡಿ. ಆಮೇಲೆ ಎಂಜಿನಿಯರನ್ನು ಕರೆಸಿ, ಮರ ಇದ್ದ ಹಾಗೇ ಕಾರು ನಿಲ್ಲಿಸಲು ಎಲ್ಲಿ ಸಾಧ್ಯ ಎಂದು ಕೇಳಿ. ಗೇಟನ್ನು ಒಂದಷ್ಟು ಪಕ್ಕಕ್ಕೆ ಸರಿಸಿದರೆ ಎಷ್ಟೋ ಕಡೆ ಆಗುತ್ತದೆ. ತುಮಕೂರಿನ ಏಪ್ರಿಲ್ ಬಿಸಿಲಿಗೆ ಹೊಂಗೆಯ ನೆರಳಿಗಿಂತ ಒಳ್ಳೆಯ ಕಾರ್ ಶೆಡ್ ಯಾವುದಿದೆ? ಉಳಿದ ಮರಗಳು ಬಿಸಿಲಿಗೆ ಬಾಡುವ ಹೊತ್ತಿಗೆ ಹೊಂಗೆ ಹೊಸ ಎಲೆ ತುಂಬಿಕೊಂಡು ನಿಂತಿರುತ್ತದೆ. ಹೂ ಬಿಟ್ಟಾಗ ಜೇನು ಮುತ್ತುತ್ತದೆ. ನಿಮ್ಮ ಅಪ್ಪ ಈ ಮರವನ್ನೇ ಏಕೆ ಆರಿಸಿದರು ಎಂದು ಅಮ್ಮನನ್ನು ಕೇಳಿ ನೋಡಿ.

ಉಳಿಸುವುದಾದರೆ ಬುಡದವರೆಗೂ ಕಾಂಕ್ರೀಟ್ ಅಥವಾ ಟೈಲ್ಸ್ ಹಾಕಿಸಬೇಡಿ. ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ, ಅವಕ್ಕೆ ಗಾಳಿಯೂ ನೀರೂ ಇಳಿಯಬೇಕು. ದೆಹಲಿಯಲ್ಲಿ ಮರಗಳ ಬುಡ ಮುಚ್ಚಿಬಿಟ್ಟಿದ್ದಾಗ, ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶ ಮಾಡಬೇಕಾಯಿತು. ನೀವು ಅದಕ್ಕಿಂತ ಹೆಚ್ಚೇ ಬಿಡಿ. ನೆಲ ಅಗೆಯುವಾಗ ದಪ್ಪ ಬೇರು ಸಿಕ್ಕರೆ ಕತ್ತರಿಸುವ ಮೊದಲು ನಿಮ್ಮನ್ನು ಕರೆಯಲು ಮೇಸ್ತ್ರಿಗೆ ಹೇಳಿ.

ಎಲ್ಲ ನೋಡಿದ ಮೇಲೂ ತೆಗೆಯಲೇಬೇಕಾಗಿ ಬರಬಹುದು. ಪಾಯಕ್ಕೇ ಅಪಾಯವಿದ್ದರೆ, ಕಾಂಡ ಟೊಳ್ಳಾಗಿದ್ದರೆ ಬೇರೆ ದಾರಿ ಇರುವುದಿಲ್ಲ. ಆಗ ಮಗಳಿಗೆ ಸುಳ್ಳು ಹೇಳಬೇಡಿ. ಶಾಲೆಗೆ ಕಳಿಸಿ ಕಡಿಸಿಬಿಡುವುದಂತೂ ಬೇಡವೇ ಬೇಡ. ಸಂಜೆ ಬಂದು ಬೋಳು ಅಂಗಳ ನೋಡಿದ ಮಗು ಆಮೇಲೆ ನಿಮ್ಮ ಯಾವ ಮಾತನ್ನೂ ಸುಲಭಕ್ಕೆ ನಂಬುವುದಿಲ್ಲ. ಗೂಡಿದೆಯೇ ಎಂದು ಅವಳ ಜೊತೆ ನೋಡಿ, ಇದ್ದರೆ ಮರಿ ಹಾರುವವರೆಗೆ ತಡೆಯಿರಿ. ಉದುರಿದ ಹೊಂಗೆ ಕಾಯಿ ಆರಿಸಿ, ಬೀಜ ಬಿಡಿಸಿ ನೆನೆಹಾಕಿ ಮಣ್ಣಿಗೆ ಹಾಕಿದರೆ ಚೆನ್ನಾಗಿ ಮೊಳೆಯುತ್ತದೆ. ಅದಕ್ಕೆ ಜಾಗ ಹುಡುಕುವುದು, ಮೂರು ಬೇಸಿಗೆ ನೀರು ಹಾಕುವುದು, ದನ ಮೇಯದಂತೆ ಬೇಲಿ ಕಟ್ಟುವುದು ನಿಮ್ಮ ಕೆಲಸ. ಮಗಳು ಖುಷಿಯಿಂದ ಜೊತೆಗೆ ಬಂದರೆ ಬರಲಿ.

ಅವಳ ಪ್ರಶ್ನೆಗೆ ‘ಅದು ಬರೀ ಕಥೆ’ ಎಂದು ಉತ್ತರಿಸಬೇಡಿ. ‘ನಮ್ಮ ಮರದಲ್ಲಿ ಹುಡುಗಿ ಇಲ್ಲ, ಆದರೆ ಮರಕ್ಕೂ ಜೀವ ಇದೆ, ನೀನು ಕೇಳಿದ್ದು ಸರಿ’ ಎನ್ನಿ. ಕಥೆಯ ಕೊನೆಯನ್ನು ನಿಧಾನವಾಗಿ ಹೇಳಲು ಅಮ್ಮನನ್ನು ಕೇಳಿಕೊಳ್ಳಿ. ಮಕ್ಕಳು ಹೆದರಿದ ಜಾಗದಲ್ಲೇ ನಿಂತುಬಿಡುತ್ತಾರೆ, ಮುಂದಿನದು ಕಿವಿಗೆ ಬಿದ್ದಿರುವುದಿಲ್ಲ. ಕೊನೆಯಲ್ಲಿ ಗಂಡ ಅವಳನ್ನು ಗುರುತಿಸುತ್ತಾನೆ. ಅವಳು ಮತ್ತೆ ಮರವಾದಾಗ ಮುರಿದ ರೆಂಬೆಗಳನ್ನು ಒಂದೊಂದಾಗಿ ಸರಿಪಡಿಸಿ, ಆಮೇಲೆ ನೀರು ಸುರಿಯುತ್ತಾನೆ. ಅವಳು ಪೂರ್ತಿ ಮನುಷ್ಯಳಾಗುತ್ತಾಳೆ. ಕೆಡಿಸಿದವಳ ಅಣ್ಣನೇ ಕೂತು ರಿಪೇರಿ ಮಾಡುವ ಈ ಭಾಗ ನನಗೆ ಇಡೀ ಕಥೆಯಲ್ಲಿ ಬಲು ಇಷ್ಟ.

ತೀರ್ಮಾನ ಆಗುವವರೆಗೆ ‘ಇನ್ನೂ ಏನೂ ನಿರ್ಧಾರ ಆಗಿಲ್ಲ ಪುಟ್ಟಿ, ಎಂಜಿನಿಯರ್ ಅಂಕಲ್ ಬಂದಾಗ ನೀನೂ ಇರು’ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ. ಇಷ್ಟಾದ ಮೇಲೂ ಎರಡು ಮೂರು ವಾರ ಅವಳ ಊಟ, ನಿದ್ದೆ ಸರಿಯಿಲ್ಲದಿದ್ದರೆ, ಶಾಲೆಗೂ ಹೋಗಲ್ಲ ಎಂದರೆ, ತಡ ಮಾಡದೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ.