ಮೇಲ್ವಿಚಾರಕನ ಸಂಬಳ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೈತರು ಗೂಡು ತರುತ್ತಾರೆ. ಹರಾಜಿನಲ್ಲಿ ಮಾರಾಟವಾದ ಗೂಡು ನೂಲು ಬಿಚ್ಚಾಣಿಕೆಯ ಘಟಕಗಳನ್ನು ಸೇರುತ್ತದೆ. ಅಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಎಳೆ ತೆಗೆಯುವವರ ದುಡಿಮೆಯನ್ನು ಅಳೆಯುವುದು ಕಷ್ಟವಲ್ಲ. ದಿನದ ಕೊನೆಗೆ ನೂಲನ್ನು ತೂಗಿದರಾಯಿತು. ಆದರೆ ಮೇಲ್ವಿಚಾರಕನು ತನ್ನ ಕೈಯಿಂದ ಒಂದೆಳೆಯನ್ನೂ ತೆಗೆಯುವುದಿಲ್ಲ. ಗೂಡು ಹದವಾಗಿ ಬೆಂದಿದೆಯೇ, ಎಳೆ ಒಂದೇ ಸಮನಾಗಿ ಬರುತ್ತಿದೆಯೇ ಎಂದು ನೋಡುವುದು, ಹೊಸಬರಿಗೆ ಕೆಲಸ ಕಲಿಸುವುದು, ಜಗಳ ಬಂದರೆ ತೀರಿಸುವುದು ಅವನ ಪಾಲಿನ ಕೆಲಸ. ಅವನ ಸಂಬಳವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ನೂಲಿನ ತೂಕಕ್ಕೆ ತಕ್ಕಂತೆ ಕೊಡಬಹುದು. ಆಗ ಅವನ ದೃಷ್ಟಿಯೆಲ್ಲ ಮೊತ್ತದ ಮೇಲೆಯೇ ನೆಡುವುದು. ಎಳೆ ಒಂದೆಡೆ ದಪ್ಪವಾಗಿ ಮತ್ತೊಂದೆಡೆ ತೆಳುವಾದರೆ ತಕ್ಕಡಿಗೆ ತಿಳಿಯದು. ಮಗ್ಗದ ಮುಂದೆ ಕುಳಿತ ನೇಕಾರನಿಗೆ ತಿಳಿಯುತ್ತದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ತಗಲಿತೆಂಬ ಲೆಕ್ಕಕ್ಕೆ ‘ರೆಂಡಿಟ್ಟಾ’ ಎನ್ನುತ್ತಾರೆ. ಇದು ಮೇಲಾದ ಅಳತೆಯೇ ಸರಿ. ಆದರೆ ಅದು ಗೂಡಿನ ಗುಣವನ್ನೂ ಅವಲಂಬಿಸಿದೆ. ಕಳಪೆ ಗೂಡನ್ನು ಮಾಲೀಕನು ಕೊಂಡು ತಂದರೆ ಮೇಲ್ವಿಚಾರಕನು ಏನು ಮಾಡಬಲ್ಲನು?

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ, 1959ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕೆಲಸದಲ್ಲಿ ಬಹಳ ಸಂತೋಷವಾದ ಸಂದರ್ಭ ಯಾವುದು, ಬೇಸರವಾದ ಸಂದರ್ಭ ಯಾವುದು ಎಂಬುದೇ ಪ್ರಶ್ನೆ. ಸಂಬಳದ ಮಾತು ಎರಡು ಬಗೆಯ ಉತ್ತರಗಳಲ್ಲಿಯೂ ಬಂದಿತು. ಬೇಸರದ ಪ್ರಸಂಗಗಳಲ್ಲಿ ಅದು ಬಹುಮಟ್ಟಿಗೆ ಅನ್ಯಾಯದ ದೂರಾಗಿತ್ತು; ಸಂತೋಷದ ಪ್ರಸಂಗಗಳಲ್ಲಿ, ಮಾಡಿದ ಕೆಲಸವನ್ನು ಮೇಲಿನವರು ಗುರುತಿಸಿದರೆಂಬುದಕ್ಕೆ ಸಾಕ್ಷಿಯಾಗಿತ್ತು. ಈ ಸಿದ್ಧಾಂತವನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ.

ನಮ್ಮ ನಾಡಿನಲ್ಲಿ ಬೇರೊಂದು ನಿದರ್ಶನವಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೊದಲಿಗೆ ನಷ್ಟದಲ್ಲಿತ್ತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದರ ಹೊಣೆ ಹೊತ್ತರು. ಸಂಭಾವನೆಯನ್ನು ಮಾತ್ರ ತಮಗೆಂದು ಪಡೆಯಲಿಲ್ಲ. ಅವರಿಗೆ ಸಲ್ಲಬೇಕಾಗಿದ್ದ ಹಣ 1943ರಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯ ಸ್ಥಾಪನೆಗೆ ವಿನಿಯೋಗವಾಯಿತು. ಆದರೆ ಮಾಜಿ ದಿವಾನರ ಈ ನಡತೆಯನ್ನು ತೋರಿಸಿ ಮೇಲ್ವಿಚಾರಕನ ಸಂಬಳವನ್ನು ಮೊಟಕು ಮಾಡುವುದು ನ್ಯಾಯವಲ್ಲ. ಅವನಿಗೆ ಮನೆಬಾಡಿಗೆಯಿದೆ, ಮಕ್ಕಳ ಶಾಲೆಯ ಖರ್ಚಿದೆ.

ಅವನು ತನ್ನನ್ನು ಹೋಲಿಸಿಕೊಳ್ಳುವುದು ದಿವಾನರೊಡನೆ ಅಲ್ಲ, ಪಕ್ಕದ ಬೀದಿಯ ಘಟಕದವನೊಡನೆ. ತಾನೇ ಕೈಹಿಡಿದು ಕಲಿಸಿದ ಹುಡುಗನಿಗೆ ಅಲ್ಲಿ ತನಗಿಂತ ನೂರು ರೂಪಾಯಿ ಹೆಚ್ಚು ದೊರೆಯುತ್ತಿದೆಯೆಂದು ತಿಳಿದ ದಿನ, ತನ್ನ ಸಂಬಳದಲ್ಲಿ ಒಂದು ಪೈಸೆಯೂ ಇಳಿಯದಿದ್ದರೂ ಇಳಿಯಿತೆಂದೇ ಅವನಿಗೆ ತೋರುತ್ತದೆ.