ಕಸ ಬಿಡದ ಬುತ್ತಿಯೂಟ

ಸಂಕ್ರಾಂತಿ ಬಂತೆಂದರೆ ದಾವಣಗೆರೆ ಸೀಮೆಯ ಜನ ಬುತ್ತಿ ಕಟ್ಟಿಕೊಂಡು ನೀರಿರುವ ಕಡೆ ಹೊರಡುತ್ತಾರೆ. ಚನ್ನಗಿರಿ ಕಡೆಯವರಿಗೆ ಸೂಳೆಕೆರೆ, ಹೊನ್ನಾಳಿಯವರಿಗೆ ತುಂಗಭದ್ರೆಯ ದಂಡೆ, ನ್ಯಾಮತಿಯವರಿಗೆ ಬೆಳಗುತ್ತಿ ಬಳಿಯ ತೀರ್ಥರಾಮೇಶ್ವರ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಮೊಸರನ್ನ. ಹಿಂದೆ ಈ ಊಟದ ಗಂಟಿನಲ್ಲಿ ಮಣ್ಣಿಗೆ ಭಾರವಾಗುವಂಥದ್ದು ಏನೂ ಇರುತ್ತಿರಲಿಲ್ಲ. ರೊಟ್ಟಿ ಬಟ್ಟೆಯಲ್ಲಿ, ಪಲ್ಯ ಡಬ್ಬಿಯಲ್ಲಿ, ನೀರು ಬಿಂದಿಗೆಯಲ್ಲಿ ಹೋಗುತ್ತಿತ್ತು. ಪರಿಸರಕ್ಕೆ ಹಿತವಾದ ಪಿಕ್ನಿಕ್ ಯೋಜಿಸುವುದೆಂದರೆ ಬಹುಪಾಲು ಈ ರೂಢಿಯನ್ನೇ ಮತ್ತೆ ಹಿಡಿಯುವುದು.

ಮನೆಮಂದಿ, ನೆಂಟರೊಡನೆ ವರ್ಷಗಳ ಕಾಲ ಹೀಗೆ ಹೋಗಿ ಬಂದವರಿಗೆ ಅನುಭವ ಕಲಿಸುವ ಮೊದಲ ಸಂಗತಿ, ಕಸದ ಪ್ರಮಾಣ ಹೊರಡುವ ಹಿಂದಿನ ದಿನ ಕಿರಾಣಿ ಅಂಗಡಿಯಲ್ಲೇ ತೀರ್ಮಾನವಾಗುತ್ತದೆ ಎಂಬುದು. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಆದರೆ ಕುರುಕಲು ತಿಂಡಿಯ ಹೊಳೆಯುವ ಪೊಟ್ಟಣ, ನೀರಿನ ಬಾಟಲಿ ಈಗಲೂ ಎಲ್ಲ ಅಂಗಡಿಗಳಲ್ಲಿವೆ. ಆ ಪೊಟ್ಟಣ ಪದರ ಪದರವಾಗಿ ಅಂಟಿಸಿದ್ದು, ಮರುಬಳಕೆಗೆ ಸುಲಭವಾಗಿ ಒಗ್ಗುವುದಿಲ್ಲ. ಹಗುರವಾದ್ದರಿಂದ ಗಾಳಿ ಅದನ್ನು ನೀರಿಗೆ ಒಯ್ಯುತ್ತದೆ. ಒಳಗಿನ ಉಪ್ಪಿನ ರುಚಿಗೆ ದನಗಳು ಅದನ್ನು ನುಂಗುತ್ತವೆ. ಮಕ್ಕಳಿಗೆ ಬಾಯಾಡಿಸಲು ಬೇಕಾದರೆ ಈ ಸೀಮೆಯ ಮಂಡಕ್ಕಿ ಇದ್ದೇ ಇದೆ. ಅದನ್ನು ಮನೆಯಲ್ಲೇ ಒಗ್ಗರಣೆ ಹಾಕಿ ದೊಡ್ಡ ಡಬ್ಬಿಯಲ್ಲಿ ತುಂಬಿಕೊಂಡರೆ ಒಂದು ಪೊಟ್ಟಣವೂ ಬೇಕಾಗುವುದಿಲ್ಲ.

ತಟ್ಟೆಯ ವಿಷಯದಲ್ಲಿ ಗೊಂದಲ ಹೆಚ್ಚು. ಕಾಗದದ ಲೋಟ ಕಾಗದದ್ದೆಂದು ಕಂಡರೂ ಅದರ ಒಳಮೈಗೆ ಸಾಮಾನ್ಯವಾಗಿ ತೆಳು ಪ್ಲಾಸ್ಟಿಕ್ ಲೇಪವಿರುತ್ತದೆ. ಚನ್ನಗಿರಿ ಅಡಿಕೆಯ ನಾಡು. ತೋಟದಲ್ಲಿ ಉದುರಿದ ಹಾಳೆಯನ್ನು ನೀರಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುವ ತಟ್ಟೆಗೆ ಅಂಟಾಗಲೀ ಲೇಪವಾಗಲೀ ಬೇಕಿಲ್ಲ. ಬಾಳೆ ಎಲೆ, ಮುತ್ತುಗದ ಎಲೆಯೂ ಸರಿಯೇ. ಆದರೂ ಎಲ್ಲಕ್ಕಿಂತ ಮೇಲು ಮನೆಯ ಸ್ಟೀಲ್ ತಟ್ಟೆ ಲೋಟ. ಹಾಳೆ ತಟ್ಟೆ ಮಣ್ಣಾಗುವುದು ನಿಜ, ಒಂದೇ ದಿನದಲ್ಲಿ ಅಲ್ಲ. ಹೇಗೂ ಕರಗುತ್ತದೆಂದು ಎಲ್ಲರೂ ಬಿಟ್ಟು ಹೋದರೆ ಹಬ್ಬದ ಮರುದಿನ ಏರಿಯ ಮೇಲೆ ರಾಶಿ ಬೀಳುತ್ತದೆ. ಉಂಡ ಸ್ಟೀಲ್ ತಟ್ಟೆಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಮನೆಯಲ್ಲೇ ತೊಳೆಯಬೇಕು. ಸೋಪಿನ ನೀರು ಕೆರೆಗೆ ಇಳಿಯಬಾರದು.

ಸೂಳೆಕೆರೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಶಾಂತಿಸಾಗರವೆಂದೂ ಹೆಸರಿರುವ ಈ ಕೆರೆ ಸುಮಾರು 27 ಚದರ ಕಿಲೋಮೀಟರ್ ಹರಡಿಕೊಂಡಿದೆ. ಚಿತ್ರದುರ್ಗದಷ್ಟು ದೂರದ ಊರಿಗೂ ಕುಡಿಯುವ ನೀರು ಇಲ್ಲಿಂದ ಹೋಗುತ್ತದೆ. ಕೆರೆಯಿಂದ ಹೊರಡುವ ಹರಿದ್ರಾ ಹಳ್ಳ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹಾಗಾಗಿ ಏರಿಯ ಮೇಲೆ ಕೈಬಿಟ್ಟ ಚೀಲ ಹೊಳೆಯ ಪಾಲಾಗಬಲ್ಲದು. ಹೊನ್ನಾಳಿಯ ಕಥೆಯೂ ಇದೇ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿದ ಹೊಳೆ ಹೊನ್ನಾಳಿಯನ್ನು ದಾಟಿ ಹರಿಹರ, ದಾವಣಗೆರೆಗಳ ನಲ್ಲಿಗೆ ಬರುತ್ತದೆ. ಸಂಕ್ರಾಂತಿಯ ಸ್ನಾನಕ್ಕೆ ಶಾಂಪೂ ಪೊಟ್ಟಣ ಒಯ್ಯದಿರುವುದು, ಹಳೆ ಬಟ್ಟೆ, ಪೂಜೆಯ ಪ್ಲಾಸ್ಟಿಕ್ ಚೀಲಗಳನ್ನು ನೀರಿಗೆ ಬಿಡದಿರುವುದು ಕೆಳಗಿನ ಊರುಗಳಿಗೆ ಮಾಡುವ ನೇರ ಉಪಕಾರ.

ತೀರ್ಥರಾಮೇಶ್ವರದಂಥ ಗುಡ್ಡದ ಕ್ಷೇತ್ರಗಳಲ್ಲಿ ಮಂಗಗಳಿಗೆ ತಿಂಡಿ ಹಾಕದಿದ್ದರೆ ಒಳ್ಳೆಯದು. ಕೊಟ್ಟು ರೂಢಿಯಾದರೆ ಅವು ಕಸಿಯಲು ಕಲಿಯುತ್ತವೆ, ಪ್ಲಾಸ್ಟಿಕ್ ಸಮೇತ ತಿನ್ನುತ್ತವೆ.

ಜಗಳೂರಿನ ಲೆಕ್ಕವೇ ಬೇರೆ. ಇದು ಮಳೆ ಕಡಿಮೆಯ ಬಯಲುಸೀಮೆ. ಇಲ್ಲಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿ ಘೋಷಣೆಯಾದ ವನ್ಯಧಾಮ. ವಿಸ್ತೀರ್ಣ 77 ಚದರ ಕಿಲೋಮೀಟರ್‌ಗೆ ತುಸು ಹೆಚ್ಚು. ಗಂಡಿಗೆ ನಾಲ್ಕು ಕೊಂಬು ಮೂಡುವ ಈ ಪುಟ್ಟ ಪ್ರಾಣಿ ಬಹಳ ಅಂಜುಬುರುಕ, ನೀರಿನ ಆಸರೆಯ ಸಮೀಪವೇ ಇರುತ್ತದೆ. ಕುರುಚಲು ಕಾಡಿನಲ್ಲಿ ಬೇಸಿಗೆಗೆ ಉಳಿಯುವ ನೀರು ಅಷ್ಟಿಷ್ಟು. ನೆರಳಿದೆ, ತಂಪಿದೆ ಎಂದು ಆ ನೀರಿನ ಗುಂಡಿಯ ಪಕ್ಕದಲ್ಲೇ ಜನ ಕೂತು ಹಾಡು ಹಾಕಿದರೆ ಪ್ರಾಣಿ ಬಾಯಾರಿ ಕಾಯಬೇಕಾಗುತ್ತದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ವನ್ಯಧಾಮದೊಳಗೆ ಹೋಗುವಂತಿಲ್ಲ. ಒಳಗೆ ಬೆಂಕಿ ಹೊತ್ತಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಒಣಹುಲ್ಲಿನ ನಾಡಿನಲ್ಲಿ ಮೂರು ಕಲ್ಲಿನ ಒಲೆಯ ಕಿಡಿ ಸಾಕು, ಇಡೀ ಗುಡ್ಡ ಉರಿಯುತ್ತದೆ. ಆದ್ದರಿಂದ ಜಗಳೂರು ಕಡೆ ಹೊರಟವರು ಅಡುಗೆ ಮನೆಯಲ್ಲೇ ಮುಗಿಸಿ, ಕುಡಿಯುವ ಮತ್ತು ಕೈತೊಳೆಯುವ ನೀರನ್ನೂ ಒಯ್ದು, ವನ್ಯಧಾಮದ ಹೊರಗೆ ಉಣ್ಣುವುದು ಸರಿ.

ಪ್ರಯಾಣಕ್ಕೆ ನಾಲ್ಕು ಕಾರುಗಳ ಬದಲು ಒಂದು ಟೆಂಪೋ ಮಾಡಿದರೆ ಡೀಸೆಲ್ ಉಳಿಯುತ್ತದೆ, ಜೊತೆಗೆ ಪಾತ್ರೆ, ನೀರಿನ ಕ್ಯಾನು ಒಂದೇ ಕಡೆ ಇರುತ್ತವೆ. ಅಡುಗೆಯ ಅಳತೆಯನ್ನು ತಲೆ ಎಣಿಸಿಯೇ ಹಾಕಬೇಕು. ಚೆಲ್ಲಿದ ಅನ್ನವೂ ಕಸವೇ.

ಹಬ್ಬದ ದಿನ ಏರಿಯ ಮೇಲಿನ ತೊಟ್ಟಿ, ಇದ್ದರೂ, ಮಧ್ಯಾಹ್ನದೊಳಗೆ ತುಂಬಿ ಚೆಲ್ಲುತ್ತದೆ. ಹೊರಡುವಾಗಲೇ ಎರಡು ಗೋಣಿಚೀಲ ಇಟ್ಟುಕೊಳ್ಳಿ, ಒಂದು ಹಸಿ ಕಸಕ್ಕೆ, ಇನ್ನೊಂದು ಒಣ ಕಸಕ್ಕೆ. ಬಾಳೆ ಎಲೆ, ಹಣ್ಣಿನ ಸಿಪ್ಪೆ ಮನೆಯ ದನಕ್ಕೋ ತಿಪ್ಪೆಗೋ ಹೋಗಲಿ. ಉಳಿದದ್ದನ್ನು ಮರುದಿನ ಬೆಳಿಗ್ಗೆ ಊರಿನ ಕಸದ ಗಾಡಿಗೆ ಕೊಡಿ.