ಯಂತ್ರಗಳೊಳಗಣ ವ್ಯಾಕರಣ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ರೋಗಿಗಳು ಹೆಚ್ಚಿನ ಚಿಕಿತ್ಸೆಗಾಗಿ ಘಟ್ಟವಿಳಿದು ಮಣಿಪಾಲಕ್ಕೋ, ಬಯಲುಸೀಮೆಯ ಹುಬ್ಬಳ್ಳಿಗೋ ಹೋಗಬೇಕಾಗುವುದು ವಾಚಕರಿಗೆ ತಿಳಿದ ಸಂಗತಿಯೇ. ಇಲ್ಲಿ ತೆಗೆದ ಕ್ಷಕಿರಣ ಚಿತ್ರವನ್ನು ಅಲ್ಲಿಯ ಬೇರೊಂದು ಕಂಪನಿಯ ಗಣಕವು ಓದುವುದಾದರೂ ಹೇಗೆ?

1970ರ ದಶಕದಲ್ಲಿ ಸಿ.ಟಿ. ಯಂತ್ರಗಳು ಬಂದಾಗ ಪ್ರತಿಯೊಬ್ಬ ತಯಾರಕನೂ ತನ್ನದೇ ಸಂಕೇತಗಳಲ್ಲಿ ಚಿತ್ರವನ್ನು ಬರೆದಿಡುತ್ತಿದ್ದನು. ಅಮೆರಿಕದ ವಿಕಿರಣವೈದ್ಯರ ಸಂಸ್ಥೆಯೂ ವಿದ್ಯುದುಪಕರಣ ತಯಾರಕರ ಸಂಘವೂ 1983ರಲ್ಲಿ ಒಂದುಗೂಡಿ, 1985ರಲ್ಲಿ ಮೊದಲ ನಿಯಮಾವಳಿಯನ್ನು ಹೊರತಂದವು. 1993ರಲ್ಲಿ ಅದು ಗಣಕಜಾಲಕ್ಕೂ ಒದಗುವಂತೆ ವಿಸ್ತಾರಗೊಂಡು 'ಡೈಕಾಮ್' ಎಂಬ ಹೆಸರು ತಳೆಯಿತು.

ಇದು ವ್ಯಾಕರಣವೇ ಸರಿ. ರೋಗಿಯ ಹೆಸರು, ಗುರುತುಸಂಖ್ಯೆ, ಜನ್ಮದಿನ, ಎಡ-ಬಲಗಳ ಸೂಚನೆ ಎಲ್ಲವೂ ಚಿತ್ರದ ಕಡತದೊಳಗೇ ನಿಯತ ಅಂಕೆಯ ಮನೆಗಳಲ್ಲಿ ಕುಳಿತಿರುತ್ತವೆ. ಚಿತ್ರವನ್ನು ಕಳುಹಿಸುವ ಮುನ್ನ ಯಂತ್ರಗಳೆರಡೂ ಚಿತ್ರದ ಬಗೆಯನ್ನೂ ಸಂಕೇತಕ್ರಮವನ್ನೂ ಗೊತ್ತುಮಾಡಿಕೊಳ್ಳುತ್ತವೆ; ಒಪ್ಪಿಗೆಯಾಗದಿದ್ದರೆ ವ್ಯವಹಾರವಿಲ್ಲ.

ತೊಡಕಿರುವುದು ಹೆಸರಿನ ಮನೆಯಲ್ಲಿ. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಅನಂತರ ಎಂಬುದು ಅಲ್ಲಿಯ ಕ್ರಮ. ಗಣಪತಿ ಹೆಗಡೆ ಎಂಬವರು ನಮ್ಮ ಸೀಮೆಯಲ್ಲಿ ಎಷ್ಟು ಮಂದಿಯೋ! ಅದನ್ನು ರೋಮನ್ ಲಿಪಿಯಲ್ಲಿ ಒಬ್ಬನು 'ಹೆಗಡೆ' ಎಂದೂ ಇನ್ನೊಬ್ಬನು 'ಹೆಗ್ಡೆ' ಎಂದೂ ಬರೆದರೆ, ಒಬ್ಬನೇ ರೋಗಿ ಗಣಕಕ್ಕೆ ಇಬ್ಬರಾದಾನು. ಆಸ್ಪತ್ರೆಗಳು ಕೊಡುವ ಗುರುತುಸಂಖ್ಯೆಗಳಂತೂ ಬೇರೆಬೇರೆ. ಹಳೆಯ ಚಿತ್ರವು ಭಂಡಾರದಲ್ಲಿದ್ದೂ ವೈದ್ಯರ ಕಣ್ಣಿಗೆ ಬೀಳದೆ ಹೋಗಬಹುದು. ಯೂನಿಕೋಡ್ ಮೂಲಕ ಕನ್ನಡದಲ್ಲಿಯೇ ಹೆಸರು ಬರೆಯಲು ಡೈಕಾಮ್ ಎಡೆಗೊಟ್ಟಿದೆ; ಬರೆಯುವ ಕೈಗಳೇ ಇಂಗ್ಲಿಷ್ ಕೀಲಿಮಣೆಗೆ ಒಗ್ಗಿಹೋಗಿವೆ. ಸದ್ಯಕ್ಕೆ, ಚಿತ್ರದ ಸಿ.ಡಿ. ಪಡೆಯುವಾಗ ಹೆಸರಿನ ಅಕ್ಷರಗಳನ್ನು ಹಳೆಯ ಚೀಟಿಯೊಡನೆ ತಾಳೆನೋಡಿಕೊಳ್ಳುವುದು ಲೇಸು.